ಭಾಕರಿ ಲೇಖನ ಕೆಡಿಸಿದ ಮೂರ್ಖ

ಪುಣೆಯ ನಮ್ಮ ಕಾಲೇಜಿನಲ್ಲಿ ಹಂಗಾಮಿ ಉಪನ್ಯಾಸಕನಾಗಿಯೇ ನನ್ನ ಕೂದಲು ಬೆಳ್ಳಗಾಗಿತ್ತು. ಮನೆಮನೆಗೆ ಇಂಟರ್ನೆಟ್ ಬರುತ್ತಿದ್ದ ಕಾಲ. ಅಂತರ್ಜಾಲದ ವಿಶ್ವಕೋಶವನ್ನು ಯಾರು ಬೇಕಾದರೂ ತಿದ್ದಬಹುದೆಂಬ ಸುದ್ದಿ ಪ್ರಾಂಶುಪಾಲರ ಕಿವಿಗೂ ಬಿದ್ದಿತ್ತು. "ನಿಮ್ಮ ವಿದ್ಯಾರ್ಥಿಗಳು ಒಂದು ಲೇಖನ ಆರಿಸಿ ಸುಧಾರಿಸಲಿ. ಆಡಳಿತ ಮಂಡಳಿಯ ಮುಂದೆ ತೋರಿಸಿ. ನಿಮ್ಮನ್ನು ಕಾಯಂ ಮಾಡುವ ಮಾತು ಆಮೇಲೆ" ಎಂದರು. ಇಷ್ಟೇನಾ! ಎಂದುಕೊಂಡೆ.

ಹುಡುಗರು ಕೋಟೆ, ಸಿನಿಮಾ, ಕ್ರಿಕೆಟ್ ಎಂದು ಕೂಗಿದರು. ಕ್ರಿಕೆಟ್ ಲೇಖನದಲ್ಲಿ ಸುಧಾರಿಸಲು ಒಂದು ಅಲ್ಪವಿರಾಮವೂ ಉಳಿದಿರಲಿಲ್ಲ. "ಚಿಕ್ಕ ಲೇಖನ ಆರಿಸಿ. ಮನೆಯಲ್ಲಿ ಗೊತ್ತಿರುವ ವಿಷಯ ಆರಿಸಿ. ಪ್ರತಿ ಮಾತಿಗೂ ಅಚ್ಚಾದ ಆಧಾರ ಕೊಡಿ" ಎಂದು ಉಪದೇಶಿಸಿದೆ. ಮುಂದಿನ ಬೆಂಚಿನ ಪ್ರಾಜಕ್ತಾ, "ಭಾಕರಿ?" ಎಂದಳು. ನೋಡಿದರೆ ನಾಲ್ಕೇ ಸಾಲಿನ ಬಡ ಲೇಖನ. ಭಲೇ ಎಂದೆ!

ಪುಣೆಯಂಚಿನ ವಾಕಡದ ನಮ್ಮ ಮನೆಗೆ ಬಂದು ಇದನ್ನು ಹೆಂಡತಿ ಸರೋಜಾಗೆ ಹೇಳಿದ್ದೇ ತಪ್ಪಾಯಿತು. ಅವಳ ತವರು ಧಾರವಾಡ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಭಾಕರಿ ಅಂದ್ರ ನಮ್ಮ ಜ್ವಾಳದ ರೊಟ್ಟಿನ ಅಲ್ಲೇನ್ರಿ? ಅದ್ರಾಗ ನಮ್ಮ ಊರಿನ ಹೆಸರು ಅದನೋ ಇಲ್ಲೋ?"

"ಇಲ್ಲ."

"ಮತ್ತ ಎದಕ್ಕ ಮಾಸ್ತರಕಿ ಮಾಡ್ತೀರಿ?"

ಕಾಯಂ ಆಗದವನಿಗೆ ಈ ಮಾತು ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ಊಟ ಮುಗಿಸಿ, ಕಂಪ್ಯೂಟರಿನ ಮುಂದೆ ಕುಳಿತು, ಹೆಸರು ಹಾಕದೆ ಲೇಖನಕ್ಕೆ ಒಂದು ವಾಕ್ಯ ಸೇರಿಸಿದೆ: ಭಾಕರಿಯ ಮೂಲ ಧಾರವಾಡ. ಮರುದಿನ ವಾಕ್ಯ ಮಾಯ! ಮತ್ತೆ ಬರೆದೆ. ಮತ್ತೆ ಮಾಯ!

ತರಗತಿಗೆ ಹೋದರೆ ಪ್ರಾಜಕ್ತಾ ಕೆಂಡ ಕಾರುತ್ತಿದ್ದಳು. "ಸರ್, ಕೋಣೀತರೀ ಮೂರ್ಖ ಆಹೇ!" ಯಾರೋ ಮೂರ್ಖನಂತೆ. ಅವರ ಲೇಖನ ಕೆಡಿಸುತ್ತಿದ್ದಾನಂತೆ. ಆಧಾರವೇ ಇಲ್ಲದೆ ಬರೆಯುತ್ತಾನಂತೆ, ಇವರು ಅಳಿಸುತ್ತಾರಂತೆ.

"ಶಾಭಾಸ್!" ಎಂದೆ. ಬೇರೇನು ಹೇಳಲಿ?

ಆದರೆ ಒಳಗೆ ರೋಷ ಕುದಿಯುತ್ತಿತ್ತು. ಆಧಾರ ತಾನೇ ಬೇಕು? ನಮ್ಮ ಕನ್ನಡ ಸಂಘದ ಗಣೇಶೋತ್ಸವದ ಸ್ಮರಣ ಸಂಚಿಕೆಯಲ್ಲಿ, ಸೀರೆ ಅಂಗಡಿ ಮತ್ತು ಉಪ್ಪಿನಕಾಯಿ ಜಾಹೀರಾತುಗಳ ನಡುವೆ, ರೊಟ್ಟಿಯ ಮೇಲೊಂದು ಲೇಖನ ಅಚ್ಚಾಗಿತ್ತು. ಸಂಚಿಕೆ, ಪುಟ, ಲೇಖಕರ ಹೆಸರು ಸಮೇತ ಆಧಾರ ಕೊಟ್ಟು ವಾಕ್ಯವನ್ನು ಮರುಸ್ಥಾಪಿಸಿದೆ. ಈ ಸಲ ಯಾರೂ ಮುಟ್ಟಲಿಲ್ಲ. ಗೆದ್ದೆ! ಸರೋಜಾ ರೊಟ್ಟಿಗೆ ಬೆಣ್ಣೆ ಧಾರಾಳವಾಗಿ ಹಾಕಿದಳು.

ಆಡಳಿತ ಮಂಡಳಿಯ ಮುಂದೆ ಪ್ರಾಜಕ್ತಾ ಲೇಖನವನ್ನು ಪರದೆಯ ಮೇಲೆ ತೋರಿಸಿದಳು. ಎಲ್ಲರೂ ತಲೆದೂಗಿದರು. ನಾನು ಮನಸ್ಸಿನಲ್ಲೇ ಕಾಯಂ ಆದೆ. ಆಗ ಅವಳು ಧಾರವಾಡದ ವಾಕ್ಯದ ಮೇಲೆ ಬೆರಳಿಟ್ಟು ಹೇಳಿದಳು: "ಇದನ್ನು ಬೇಕಂತಲೇ ಅಳಿಸದೆ ಇಟ್ಟಿದ್ದೇವೆ. ಕೆಟ್ಟ ಆಧಾರ ಹೇಗಿರುತ್ತದೆ ಎಂದು ತೋರಿಸಲು."

ಪ್ರಾಂಶುಪಾಲರು ಕನ್ನಡಕ ಏರಿಸಿ ಆಧಾರದಲ್ಲಿದ್ದ ಲೇಖಕರ ಹೆಸರನ್ನು ಗಟ್ಟಿಯಾಗಿ ಓದಿದರು. ನನ್ನತ್ತ ನೋಡಿದರು. ಇನ್ನೊಮ್ಮೆ ಓದಿದರು.

ಆ ಲೇಖಕ ನಾನೇ ಎಂಬುದನ್ನು ಇಲ್ಲಿಯವರೆಗೆ ನಿಮಗೂ ಹೇಳಿರಲಿಲ್ಲ, ಕ್ಷಮಿಸಿ.

ಮಂಡಳಿ ಹುಡುಗರಿಗೆ ಚಪ್ಪಾಳೆ ತಟ್ಟಿತು. ನನ್ನ ಕಾಯಮಾತಿಯ ಮಾತು ಯಾರೂ ಎತ್ತಲಿಲ್ಲ, ಮುಂದೆ ಎಂದೂ ಎತ್ತಲಿಲ್ಲ. ನಾನು ಕಲಿಸಿದ ಪಾಠವನ್ನು ಆ ಹುಡುಗಿ ಚಾಚೂ ತಪ್ಪದೆ ಕಲಿತಿದ್ದಳು. ಹೆಮ್ಮೆ ಪಡಬೇಕಿತ್ತು. ಹೊಟ್ಟೆ ಉರಿಯಿತು.

ಮನೆಗೆ ಬಂದು ಸರೋಜಾ ಮೇಲೆ ಹರಿಹಾಯ್ದೆ. "ಎಲ್ಲಾ ನಿನ್ನಿಂದನ ಆತು! ಧಾರವಾಡದ ಹೆಸರು ಹಾಕ್ರಿ ಅಂತ ಹೇಳಿದಾಕಿ ನೀನ!"

ಅವಳು ತಟ್ಟೆಗೆ ರೊಟ್ಟಿ ಹಾಕಿ ಶಾಂತವಾಗಿ ಕೇಳಿದಳು.

"ನಾ ಹೇಳೀನಿ ಅನ್ಲಿಕ್ಕೆ ಆಧಾರ ಏನದರೀ?"

ಇರಲಿಲ್ಲ. ರೊಟ್ಟಿ ಮುರಿದೆ.