ಬೆಳಗಿನ ಜಾವದ ರಾಜ

ಅಂಜಿನಮೂರ್ತಿಗೆ ಎಚ್ಚರವಾದಾಗ ಕಂಬಳಿಯ ಅಂಚು ಅವನ ಬಾಯಲ್ಲಿತ್ತು, ಕಾಲುಗಳು ಇನ್ನೂ ಒದೆಯುತ್ತಿದ್ದವು. ಹೊರಗೆ ಕೋಳಿ ಆಗತಾನೇ ಕೂಗಿತ್ತು.

"ಏನಯ್ಯಾ ನಿಂದು ಒದ್ದಾಟ? ನನ್ ಸೊಂಟ ಮುರ್ದೋಯ್ತು!" ಹೆಂಡತಿ ಯಶೋದ ಗದರಿದಳು.

"ಕನಸು ಕಣೇ! ನಮ್ಮೂರ ನಾಟಕದ ಸ್ಟೇಜು. ಟೀವಿನಾಗೆ ಕ್ರಿಕೆಟ್ ಆಡ್ತಾನಲ್ಲ ಗಡ್ಡದೋನು, ಅವ್ನು ಸಾರಥಿ. ಬ್ಯಾಟೇ ಚಾಟಿ! ಸೋಪಿನ ಅಡ್ವಟೈಜಿನಾಗೆ ಬರ್ತಾಳಲ್ಲ ಹೀರೋಯಿನ್ನು, ಅವ್ಳು ರಾಣಿ. ಅವ್ಳೇ ಕೈಯಾರೆ ನಂಗೆ ತಿನ್ನಿಸಿದ್ಳು."

"ಏನ್ ತಿನ್ನಿಸಿದ್ಳು?"

"ಏನೋ ಒಂದು."

"ನಿಂದ್ಯಾವ ಪಾರ್ಟು?"

ಅಂಜಿನಮೂರ್ತಿ ನಾಲಿಗೆಗೆ ಅಂಟಿದ್ದ ಕಂಬಳಿಯ ಎಳೆ ಕಿತ್ತು ಹಾಕಿದ. "ನಂದಾ? ರಾಜ!"

ಪಾಪ, ಆ ರಾಜನ ಪಾರ್ಟಿಗಾಗಿ ಅವನು ಎಷ್ಟೋ ವರ್ಷದಿಂದ ಜೀವ ಬಿಡುತ್ತಿದ್ದ. ಪಟ್ಟನಾಯಕನಹಳ್ಳಿ ಮಗ್ಗುಲಿನ ಅವರೂರಲ್ಲಿ ಪ್ರತಿ ವರ್ಷ ಆಡುವ ನಾಟಕದಲ್ಲಿ ಅವನದು ಬಾಗಿಲು ಕಾಯುವವನ ಪಾರ್ಟು. ಭರ್ಜಿ ಹಿಡಿದು, ಸೊಂಟ ಬಗ್ಗಿಸಿ, "ಅಪ್ಪಣೆ ಪ್ರಭು" ಎಂದರೆ ಮುಗಿಯಿತು. ಕಿರೀಟ ಮಾತ್ರ ದಾಸಣ್ಣನ ತಲೆ ಬಿಟ್ಟು ಇಳಿದದ್ದೇ ಇಲ್ಲ. ಈ ವರ್ಷದ ಪಾರ್ಟು ಹಂಚುವುದು ಅವತ್ತೇ ಸಂಜೆ.

ಗೋಡೆಯಾಚೆ ಪಾತ್ರೆ ಬೆಳಗುತ್ತಿದ್ದ ಹೊನ್ನಕ್ಕನ ಕಿವಿಗೆ ಇದೆಲ್ಲ ಬಿತ್ತು. "ಬೆಳಗಿನ ಜಾವದ ಕನಸು ಸುಳ್ಳಾಗಾಕಿಲ್ಲ ಕಣ್ಲಾ ಮೂರ್ತಿ!" ಎಂದು ಅಲ್ಲಿಂದಲೇ ಕೂಗಿದಳು. ಹೊನ್ನಕ್ಕನಿಗೆ ತಿಳಿದ ಮೇಲೆ ಊರಿಗೆ ಬೇರೆ ಡಂಗುರ ಯಾಕೆ? ಟೀ ಅಂಗಡಿ ದಾಟುವಷ್ಟರಲ್ಲಿ ಕನಸು ಸುದ್ದಿಯಾಯಿತು. ಮಧ್ಯಾಹ್ನದ ಹೊತ್ತಿಗೆ ಹೀರೋಯಿನ್ನು ನಾಟಕ ನೋಡಲು ಬರುವುದೂ ಗ್ಯಾರಂಟಿಯಾಯಿತು. ಅವನು ಕುರಿ ಹೊಡೆದುಕೊಂಡು ವಾಪಸ್ ಬಂದಾಗ ಯುವಕ ಸಂಘದವರು ಶಿರಾದಿಂದ ಫ್ಲೆಕ್ಸೇ ಮಾಡಿಸಿ ತಂದು ಕಟ್ಟಿದ್ದರು. ಆ ಕಡೆ ಗಡ್ಡದವನು, ಈ ಕಡೆ ಸೋಪಿನವಳು, ನಡುವೆ ರೇಷನ್ ಕಾರ್ಡಿನ ಫೋಟೋದ ಅಂಜಿನಮೂರ್ತಿ.

ನಾಟಕದ ಮೇಷ್ಟ್ರು ನಾಗಲಿಂಗಯ್ಯ ಫ್ಲೆಕ್ಸಿಗೇ ಕೈ ಮುಗಿದರು. "ದೈವ ತೋರ್ಸಿದ್ದಕ್ಕೆ ಅಡ್ಡ ಬರಕ್ಕೆ ನಾನ್ಯಾರಪ್ಪ? ನೀನೇ ರಾಜ. ದಾಸಣ್ಣ ಮಂತ್ರಿಯಾಗ್ಲಿ."

ಬಾಗಿಲು ಕಾಯುವ ಭರ್ಜಿ ಪಕ್ಕದ ಬೀದಿಯ ಸುನಿಲ್‌ಕುಮಾರನ ಕೈ ಸೇರಿತು. ದಾಸಣ್ಣ ಹಲ್ಲು ಕಡಿದ. ಅಂಜಿನಮೂರ್ತಿಗೆ ಖುಷಿಯಿಂದ ಕಣ್ಣಲ್ಲಿ ನೀರೇ ಬಂತು.

ಪ್ರಾಕ್ಟೀಸು ಶುರುವಾಯಿತು. ಕಿರೀಟ ಇಟ್ಟುಕೊಂಡ ಹೊಸ ರಾಜ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೀಸೆ ತಿರುವುತ್ತ ಕೂತ. ದಾಸಣ್ಣ ಒಳಗೆ ಬಂದು ಎಂದಿನ ಗತ್ತಿನಲ್ಲೇ, "ಜಯವಾಗಲಿ ಪ್ರಭು!" ಎಂದು ಗುಡುಗಿದ.

ರಾಜ ದಡಕ್ಕನೆ ಎದ್ದು, ಸೊಂಟ ಬಗ್ಗಿಸಿ, "ಅಪ್ಪಣೆ ಪ್ರಭು!" ಎಂದ. ಕಿರೀಟ ಉರುಳಿಕೊಂಡು ದಾಸಣ್ಣನ ಕಾಲಬುಡಕ್ಕೆ ಹೋಯಿತು.

"ಲೇ, ರಾಜ ನೀನು ಕಣ್ಲಾ!" ಮೇಷ್ಟ್ರು ಕೂಗಿದರು. ಮತ್ತೆ ಕೂರಿಸಿದರು, ಮತ್ತೆ ಅದೇ ಕತೆ. ಹಾಳು ಸೊಂಟ ಮಾತು ಕೇಳಬೇಕಲ್ಲ! ಕೊನೆಗೆ ಮೇಷ್ಟ್ರು ಹಾರ್ಮೋನಿಯಂ ಮುಚ್ಚಿದರು. ದಾಸಣ್ಣ ಕಿರೀಟದ ಧೂಳು ಒರೆಸಿ ತನ್ನ ತಲೆಗೇ ಇಟ್ಟುಕೊಂಡ.

"ನನ್ ಭರ್ಜಿನಾದ್ರೂ ಕೊಡ್ರಿ ಮೇಷ್ಟ್ರೇ," ಅಂಜಿನಮೂರ್ತಿ ಗೋಗರೆದ.

"ಕೊಟ್ಟಿದ್ನ ಕಿತ್ಕಳಂಗಿಲ್ಲ ಬುಡಣ್ಣ," ಎಂದು ಸುನಿಲ್‌ಕುಮಾರ್ ಭರ್ಜಿಯನ್ನು ಬೆನ್ನ ಹಿಂದಿಟ್ಟುಕೊಂಡ.

ಮೇಷ್ಟ್ರು ಮೂಲೆ ಕಡೆ ಕೈ ತೋರಿಸಿದರು. "ಇನ್ನೊಂದೇ ಪಾರ್ಟು ಐತೆ. ರಾಜನ ರಥ ಎಳಿಯಕ್ಕೆ ಯಾರೂ ಸಿಕ್ಕಿಲ್ಲ." ಅಲ್ಲಿ ರಟ್ಟಿನ ಕುದುರೆ ತಲೆ ಬಿದ್ದಿತ್ತು.

ಅಂಜಿನಮೂರ್ತಿ ಅದನ್ನು ತಲೆಗೆ ತೂರಿಸಿಕೊಂಡು ದಾಸಣ್ಣನಿದ್ದ ತಳ್ಳುಗಾಡಿ ರಥವನ್ನು ಎಳೆಯುತ್ತಿರುವಾಗ, ಪ್ರಾಕ್ಟೀಸು ನೋಡಲು ಬಂದಿದ್ದ ಹೊನ್ನಕ್ಕ ಲೊಚಗುಟ್ಟಿದಳು. "ಅಯ್ಯೋ ಮೂರ್ತಿ, ಕನಸು ಸುಳ್ಳಾಗೋಯ್ತಲ್ಲೋ!"

"ಕನಸು ಸುಳ್ಳಾಗಿಲ್ಲ ಹೊನ್ನಕ್ಕ, ಸುಳ್ಳೇಳಿದ್ದು ನಾನು," ರಟ್ಟಿನೊಳಗಿಂದ ಅಳುವ ದನಿ ಬಂತು. "ಕನಸ್ನಾಗೂ ನಾನು ಕುದುರೆನೇ. ಅಲ್ಲಾದ್ರೂ ಹೀರೋಯಿನ್ನು ಹುರುಳಿ ತಿನ್ನಿಸಿದ್ಳು."

"ಮಾತು ಸಾಕು, ಎಳಿಯಲೇ!" ದಾಸಣ್ಣ ಹಿಂದಿನಿಂದ ಚಾಟಿ ಬೀಸಿದ.

"ಅಪ್ಪಣೆ ಪ್ರಭು!" ಎಂದಿತು ಕುದುರೆ.