ಹಾಸಿಗೆ ಹಿಡಿಯದ ವಂಶ

ಕೊಲೆಸ್ಟರಾಲ್ ಹೊಕ್ಕ ಮನೆಯಲ್ಲಿ ನಗು ಬರುವಂಥದ್ದು ವಾರಕ್ಕೊಂದಾದರೂ ನಡೆಯುತ್ತದೆ. ನಗುವ ಧೈರ್ಯ ಬರುವುದಕ್ಕೆ ಮಾತ್ರ ಸ್ವಲ್ಪ ದಿನ ಬೇಕು.

೧. ತುಪ್ಪ

ನಾನು ಕಡ್ಡಿಯಂಥ ಆಳು, ಪೆರಂಬೂರಿನಲ್ಲಿ ರೈಲ್ವೆ ನೌಕರ. ನನ್ನ ರಿಪೋರ್ಟು ನೋಡಿ ಅಣ್ಣಾ ನಗರದ ಡಾಕ್ಟರು ಏನೇನು ತಿನ್ನುತ್ತೀರಿ ಎಂದು ಗದರಿದರು. ತುಪ್ಪ ಬಿಟ್ಟು ಆರು ವರ್ಷವಾಯಿತು ಎಂದು ಹೆಮ್ಮೆಯಿಂದ ಹೇಳಿದೆ. ಅವರು ನಂಬದೆ ನನ್ನ ಹೆಂಡತಿಯ ಮುಖ ನೋಡಿದರು.

"ಸಾರಿನ ಒಗ್ಗರಣೆಗೆ ದಿನಾ ಹಾಕ್ತಿದೀನಿ. ಇವರಿಗೆ ಗೊತ್ತಿಲ್ಲ," ಎಂದಳು ಸತ್ಯವಂತೆ.

ಕೊನೆಗೆ ತಪ್ಪು ತುಪ್ಪದ್ದಲ್ಲ, ಜೀನಿನದು ಎಂದು ಪರೀಕ್ಷೆಯಲ್ಲಿ ತಿಳಿಯಿತು. ರಕ್ತದಲ್ಲಿ ಹರಿಯುವ ಕೆಟ್ಟ ಕೊಲೆಸ್ಟರಾಲನ್ನು ಹಿಡಿದು ಜೀವಕೋಶದೊಳಗೆ ಎಳೆದುಕೊಳ್ಳುವ ಪ್ರೋಟೀನೊಂದಿದೆಯಂತೆ. ಅದನ್ನು ತಯಾರಿಸುವ ಜೀನಿನ ಎರಡು ಪ್ರತಿಗಳಲ್ಲಿ ಒಂದು ನನ್ನಲ್ಲಿ ಕೆಟ್ಟಿದೆ. ಹದಿನಾಲ್ಕರ ಮಗಳಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಆರು ವರ್ಷ ತುಪ್ಪ ಬಿಟ್ಟದ್ದು ದಂಡ, ಅದನ್ನೂ ನಾನು ಬಿಟ್ಟಿರಲಿಲ್ಲ.

೨. ಪುಣ್ಯವಂತರು

ಮನೆತನದಲ್ಲಿ ಯಾರು ಯಾವ ವಯಸ್ಸಿಗೆ ಹೇಗೆ ಹೋದರು ಎಂದು ಡಾಕ್ಟರು ಕೇಳಿದರು. ಅದೆಲ್ಲ ಗೊತ್ತಿರುವುದು ನಮ್ಮ ಜೊತೆಯಲ್ಲೇ ಇರುವ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ. ಎಪ್ಪತ್ತೆಂಟರ ಅವರನ್ನು ಕರೆದುಕೊಂಡು ಹೋದೆ.

ಅತ್ತೆ ಉತ್ಸಾಹದಿಂದ ಶುರು ಮಾಡಿದರು. ನನ್ನಪ್ಪ ನಲವತ್ತನಾಲ್ಕಕ್ಕೆ, ಸ್ನಾನದ ಟವೆಲು ಹೆಗಲ ಮೇಲಿದ್ದ ಹಾಗೇ. ದೊಡ್ಡಪ್ಪ ನಲವತ್ತೇಳಕ್ಕೆ, ಕೈಲಿದ್ದ ಕಾಫಿ ಇನ್ನೂ ಬಿಸಿ. ತಾತ ಸಂಧ್ಯಾವಂದನೆಯ ನಡುವೆ. ಡಾಕ್ಟರು ಹೃದಯಾಘಾತ ಎನ್ನುತ್ತಾ ಒಬ್ಬೊಬ್ಬರಿಗೂ ಒಂದು ಚೌಕ ಬರೆದು ಕಪ್ಪು ತುಂಬಿದರು. ನನಗಾಗ ನಲವತ್ತಮೂರು.

"ನಮ್ಮ ವಂಶದಲ್ಲಿ ಹಾಸಿಗೆ ಹಿಡಿದೋರೇ ಇಲ್ಲ ಡಾಕ್ಟ್ರೇ, ಎಲ್ಲಾ ಪುಣ್ಯವಂತರು," ಎಂದು ಅತ್ತೆ ನನ್ನ ಬೆನ್ನು ಸವರಿದರು. "ಇವನೂ ಹಾಗೇ."

ಡಾಕ್ಟರು ಪೆನ್ನು ಕೆಳಗಿಟ್ಟರು.

೩. ಏಕಾದಶಿ

ಮಗಳ ರಕ್ತ ಕೊಡುವಾಗ ಅತ್ತೆ ತಮ್ಮದೂ ಕೊಡುತ್ತೇನೆಂದು ಹಟ ಹಿಡಿದರು. ಸುಲಭದ ಸಾವು ಕೊಡಪ್ಪ ಎಂದು ದಿನವೂ ದೇವರ ಮುಂದೆ ಬೇಡುವವರು ಅವರು. ಆ ಪುಣ್ಯ ತಮಗೂ ಬಂದಿದೆಯೋ ಎಂದು ತಿಳಿಯಬೇಕಿತ್ತು. ಉಪವಾಸ ಬೇಕಿಲ್ಲ ಎಂದರೂ ಏಕಾದಶಿಯ ದಿನವೇ, ಹನಿ ನೀರೂ ಕುಡಿಯದೆ ಬಂದರು. ನರ್ಸು ಎರಡೂ ಕೈ ತಡವಿದರೂ ನರ ಸಿಗಲಿಲ್ಲ.

"ದ್ವಾದಶಿ ಪಾರಣೆ ಮಾಡಿ ಬರ್ತೀನಿ," ಎಂದು ಅತ್ತೆ ಅವಳನ್ನೇ ಸಮಾಧಾನ ಮಾಡಿದರು. "ರಕ್ತ ಎಲ್ಲಿಗೂ ಹೋಗಲ್ಲ."

೪. ಪ್ರಾರ್ಥನೆ

ಅತ್ತೆಯ ಜೀನು ಸರಿಯಿತ್ತು. ಮಗಳದು ನನ್ನ ಹಾಗೆಯೇ. ದಿನಾ ತಪ್ಪದೆ ಮಾತ್ರೆ ತೆಗೆದುಕೊಂಡರೆ ಭಯವಿಲ್ಲ ಎಂದು ಡಾಕ್ಟರು ಹೇಳಿದ್ದರು. ಮನೆಗೆ ಬಂದು ಕಾಗದ ಓದಿ ಹೇಳಿದೆ.

ಅತ್ತೆ ಎರಡು ಸಲ ಓದಿಸಿಕೊಂಡರು. ಆಮೇಲೆ ದೇವರಮನೆಗೆ ಹೋಗಿ ನಿಂತು ಜಗಳಕ್ಕಿಳಿದರು. "ದಿನಾ ಕೇಳಿದ್ದು ನಾನು. ಕೊಟ್ಟಿದ್ದು ಮಗುಗಾ? ವಾಪಸ್ ತಗೋ. ನನ್ನನ್ನ ಹತ್ತು ವರ್ಷ ಹಾಸಿಗೆ ಹಿಡಿಸು, ಒಪ್ಪಿದೀನಿ."

ನಾನೂ ಹೆಂಡತಿಯೂ ಬಾಗಿಲಲ್ಲಿ ನಿಂತು ಅಳುತ್ತಿದ್ದೆವು. ಕನ್ನಡ ಅರ್ಥವಾದರೂ ತಮಿಳಿನಲ್ಲೇ ಉತ್ತರಿಸುವ ಮಗಳು, ಹತ್ತು ವರ್ಷ ನಿಮ್ಮನ್ನು ನೋಡಿಕೊಳ್ಳುವವರು ಯಾರು ಎಂದು ಅವರನ್ನು ಕೇಳಿದಳು.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

"ನೀನೇ. ಅದಕ್ಕೇ ಮಾತ್ರೆ ತಪ್ಪಿಸ್ಬೇಡ."