ಕೊನೆತನಕ ಕೂತವರು

ಭಾನುವಾರ ಬೆಳಿಗ್ಗೆ ಗಾದಿಲಿಂಗ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಿದ್ದ. ಒಳಗಿನಿಂದ ಹೆಂಡತಿ ಪಂಪಮ್ಮನ ದನಿ ಬಂತು.

“ರೀ, ಅವ್ವ ಬರಾಕತ್ಯಾಳಂತ. ಹಿರೇಹಡಗಲಿಯಾಗ ಬಸ್ಸು ಹತ್ಯಾಳ. ಆ ತೊಟ್ಲದ್ದು ಏನ್ ಮಾಡಿದ್ರಿ?”

ಗಾದಿಲಿಂಗನ ಬಾಯಲ್ಲಿದ್ದ ನೊರೆ ಅರ್ಧ ಹೊರಗೆ ಬಿತ್ತು, ಅರ್ಧ ಒಳಗೆ ಹೋಯಿತು.

“ತೊಟ್ಲ ಒಯ್ಯಾಕ ಬರ್ತೀನಿ ಅಂದ್ರಾ?”

“ಅದನ್ನೇನು ಬಾಯಿಬಿಟ್ಟು ಹೇಳ್ಬೇಕಾ? ನಮ್ಮ ತಂಗಿ ದುರ್ಗಾ ಹಡೆದು ಹತ್ತು ದಿನ ಆತು. ಬುಧವಾರ ಹೆಸರಿಡೋದು. ಅವ್ವ ಮತ್ಯಾತಕ್ಕ ಬರ್ತಾಳ? ನಿಮ್ಮ ಶಿವಶಂಕರಣ್ಣನ ಹತ್ರ ಹೋಗಿ ತಂದುಬಿಡ್ರಿ.”

ಆ ತೊಟ್ಟಿಲು ಅತ್ತೆ ಗಾಳೆಮ್ಮನ ತವರಿನದು. ನಾಲ್ಕು ಮೂಲೆಗೆ ನಾಲ್ಕು ಬಣ್ಣದ ಗಿಳಿ, ಒಂದಕ್ಕೆ ಕೊಕ್ಕಿಲ್ಲ. ಹಲ್ಲು ಬರುವ ಕಾಲದಲ್ಲಿ ಅದನ್ನು ಕಡಿದುಹಾಕಿದವಳು ಸ್ವತಃ ಪಂಪಮ್ಮ. ಬಳಗದಲ್ಲಿ ಯಾರ ಮನೆಯಲ್ಲಿ ಕೂಸು ಹುಟ್ಟಿದರೂ ತೊಟ್ಟಿಲು ಅಲ್ಲಿಗೆ ಹೋಗುತ್ತಿತ್ತು. ಹನ್ನೊಂದು ಮಕ್ಕಳನ್ನು ತೂಗಿ, ಕೊನೆಗೆ ಹಡಗಲಿಯ ಗಾದಿಲಿಂಗನ ಮನೆಯ ಅಟ್ಟ ಸೇರಿತ್ತು. ಹನ್ನೆರಡನೆಯ ಕೂಸಿಗಾಗಿ ಈಗ ಅಟ್ಟದಿಂದ ಇಳಿಯಬೇಕು. ತೊಂದರೆ ಏನೆಂದರೆ, ಅದು ಒಂದೂವರೆ ವರ್ಷದ ಹಿಂದೆಯೇ ಇಳಿದುಹೋಗಿತ್ತು.

ಹೊಳೆದಂಡೆಯ ಪಕ್ಕದೂರು ಮಾಗಳದ ಹಳೇ ಮನೆಯೊಂದರಲ್ಲಿ ಆಗ ದೆವ್ವದ ಸಿನಿಮಾ ತೆಗೆಯಲು ಬಂದಿದ್ದರು. ಮೋಟಾರ್ ವೈಂಡಿಂಗ್ ಅಂಗಡಿಯ ಗಾದಿಲಿಂಗ ಒಂಬತ್ತು ದಿನ ಅಲ್ಲಿ ವೈರಿಂಗ್ ನೋಡಿಕೊಂಡ. ಸಂಜೆಯಲ್ಲೂ ಕಪ್ಪು ಕನ್ನಡಕ ತೆಗೆಯದ ಡೈರೆಕ್ಟರು, “ಒಂದು ಹಳೇ ತೊಟ್ಟಿಲು ಬೇಕಲ್ಲ ಗಾದಿಲಿಂಗಪ್ಪ. ಸ್ಕ್ರೀನ್ ಮೇಲೆ ನಿಮ್ಮ ಹೆಸರು ಹಾಕ್ತೀವಿ” ಎಂದಿದ್ದ. ಹೆಸರಿನಾಸೆಗೆ ಗಾದಿಲಿಂಗ ಹೆಂಡತಿ ಸಂತೆಗೆ ಹೋದದ್ದು ನೋಡಿ ತೊಟ್ಟಿಲು ಸಾಗಿಸಿದ. ಕಡೆಯ ದಿನ ಡೈರೆಕ್ಟರು ತೊಟ್ಟಿಲಿನ ಪಕ್ಕ ನಿಂತು, “ಕ್ಲೈಮ್ಯಾಕ್ಸಲ್ಲಿ ಇದರದ್ದೇ ಮುಖ್ಯ ಪಾತ್ರ” ಎನ್ನುವಾಗ ಅವನ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು. ಸಿಗರೇಟಿಗೋ ತೊಟ್ಟಿಲಿಗೋ ಎಂದು ಕೇಳಲು ಗಾದಿಲಿಂಗನಿಗೆ ಧೈರ್ಯ ಸಾಲಲಿಲ್ಲ. ಆಮೇಲೆ ಸಿನಿಮಾದವರು ಗಂಟುಮೂಟೆ ಕಟ್ಟಿದರು. ಫೋನು ಸ್ವಿಚ್ ಆಫ್ ಆಯಿತು.

ಅಟ್ಟ ಖಾಲಿ ಕಂಡು ಹೆಂಡತಿ ಕೇಳಿದಾಗ, “ಇಲ್ಲೇ ಅರಸೀಕೆರಿ ನಮ್ಮ ದೊಡ್ಡಪ್ಪನ ಮಗ ಶಿವಶಂಕರ ಕೂಸಿಗಂತ ಒಯ್ದ” ಎಂದುಬಿಟ್ಟಿದ್ದ. ಟೆಸ್ಟ್ ಮಾಡದೆ ಗಿರಾಕಿಗೆ ಕೊಟ್ಟ ಮೋಟಾರಿನಂತೆ ಆ ಸುಳ್ಳು ಇಷ್ಟು ದಿನ ಹೇಗೋ ಓಡಿತ್ತು. ಈಗ ಸುಟ್ಟ ವಾಸನೆ ಬರತೊಡಗಿತು.

ಅದೇ ಸಿನಿಮಾ, ‘ಕೂಗುವ ಮಾಳಿಗೆ’, ಮೊನ್ನೆ ಶುಕ್ರವಾರ ಹಡಗಲಿಯ ಟಾಕೀಸಿಗೆ ಬಂದಿತ್ತು. ತೊಟ್ಟಿಲು ಸುಟ್ಟಿದ್ದರೆ ಬೇರೊಂದು ಸುಳ್ಳು ಹುಡುಕಬೇಕು, ಸುಡದಿದ್ದರೆ ತೊಟ್ಟಿಲನ್ನೇ ಹುಡುಕಬೇಕು. ಯಾವುದೆಂದು ತಿಳಿಯಬೇಕಾದರೆ ಸಿನಿಮಾದ ಕೊನೆ ಗೊತ್ತಾಗಬೇಕು. ಆಟ ಶುರುವಾಗುವುದು ಮಧ್ಯಾಹ್ನ ಎರಡಕ್ಕೆ. ಅತ್ತೆ ಬರುವುದು ಹತ್ತಕ್ಕೆ. ನೋಡಿದವರನ್ನೇ ಕೇಳೋಣವೆಂದು ಗಾದಿಲಿಂಗ, “ಅರಸೀಕೆರಿಗೆ ಹೋಗಿ ಬರ್ತೀನಿ” ಎಂದು ಕೂಗಿ ಅಂಗಿ ಸಿಕ್ಕಿಸಿಕೊಂಡು ಹೊರಬಿದ್ದ.

ಓಣಿಯ ಮೂಲೆಯ ಚಾದಂಗಡಿಯ ಮೌನೇಶ್ ಮೊದಲ ದಿನವೇ ನೋಡಿ ಬಂದಿದ್ದ.

“ದೆವ್ವದ ಸಿನಿಮಾನಾ? ಏನ್ ಹೇಳ್ಲಿ ಗಾದಿಲಿಂಗಣ್ಣ, ದೆವ್ವನ್ನ ನೋಡಿ ನನಗ ಪಾಪ ಅನಿಸ್ತು. ಸೊರಗಿ ಕಡ್ಡಿ ಆಗ್ಯಾಳ. ಎರಡು ಇಡ್ಲಿ ಕಟ್ಟಿಸಿ ಕೊಡಬೇಕು ಅನಿಸ್ತು. ಮುಖಕ್ಕ ಮೈದಾಹಿಟ್ಟು ಬಳದಾರ, ಬೆವತಲ್ಲೆಲ್ಲ ಉಂಡಿ ಕಟ್ಟೈತಿ.”

ಬೆಂಚಿನ ಮೇಲಿದ್ದವನೊಬ್ಬ ಗ್ಲಾಸು ಕೆಳಗಿಟ್ಟ. “ದೆವ್ವದ ಪಾದ ಹಿಂದಮುಂದ ಇರಬೇಕಿಲ್ಲೋ? ಅಕಿ ಹವಾಯಿ ಚಪ್ಪಲಿ ಮೆಟ್ಟ್ಯಾಳ!”

“ಚಪ್ಪಲಿ ಹಾಳಾಗ್ಲಿ,” ಇನ್ನೊಬ್ಬ ಅಂದ. “ಬಾವ್ಯಾಗ ಬಿದ್ದು ಸತ್ತಾಕಿ ಅಂತಾರ. ತಲಿಗೂದಲಾ ತೊಯ್ದಿಲ್ಲ!”

“ಅದಿರ್ಲಿ, ಕೊನಿಗೆ ಏನಾಗ್ತೈತಿ?” ಗಾದಿಲಿಂಗ ಕೇಳಿದ.

ಕೊನೆ ಕಂಡವರು ಮೂವರಲ್ಲಿ ಒಬ್ಬರೂ ಇರಲಿಲ್ಲ. ಚಪ್ಪಲಿಯವನು ನಿದ್ದೆ ಹೋಗಿದ್ದ. ತಲೆಗೂದಲಿನವನನ್ನು ಹಾಡು ಬಂದಾಗ ಹೆಂಡತಿ ಎಬ್ಬಿಸಿಕೊಂಡು ಹೋಗಿದ್ದಳು. ಮೌನೇಶ್ ಅಂತೂ ಇಂಟರ್‌ವೆಲ್ಲಿಗೇ ಎದ್ದವನು. “ಇಲ್ಲಿ ಹಾಲು ಒಡೀತಿತ್ತಣ್ಣ. ಆದ್ರ ಒಂದ್ ಮಾತು. ಬರೇ ತೊಟ್ಲ ತನ್ನಷ್ಟಕ್ಕ ತಾನ ತೂಗ್ತೈತಲ್ಲ, ಅಲ್ಲಿ ಮಾತ್ರ ಎದಿ ಝಲ್ ಅಂತು ನೋಡು.”

ಗಾದಿಲಿಂಗನ ಎದೆ ಅದಕ್ಕಿಂತ ಜೋರಾಗಿ ಝಲ್ಲೆಂದಿತು.

ಅಲ್ಲಿಂದ ಎರಡು ಹೆಜ್ಜೆ ಇಡುವಷ್ಟರಲ್ಲಿ ಪಕ್ಕದ ಮನೆಯ ಲಕ್ಷ್ಮಿದೇವಿ ಕೊಡ ಹಿಡಿದು ಎದುರಾದಳು. ಅಂಗನವಾಡಿಯ ಇಪ್ಪತ್ತು ಮಕ್ಕಳನ್ನು ಒಂದೇ ಗದರಿಕೆಗೆ ಕೂರಿಸುವ ಹೆಂಗಸು.

“ನಾನು ಕೊನೀತನಕ ಎಲ್ಲಿ ಕುಂದ್ರಲಿ ಅಣ್ಣಾರ? ದೆವ್ವ ಬಂದ್ರ ಬರ್ಲಿ, ಅದರ ಮನಿ ಅದು. ಕೂಸಿಲ್ಲದ ಬರೇ ತೊಟ್ಲ ತೂಗ್ತಾರೇನ್ರಿ ಯಾರಾರ? ಕೂಸಿಗೆ ಆಗಂಗಿಲ್ಲ ಅಂತ ಹಿರೇರು ಸುಮ್ನ ಹೇಳ್ಯಾರಾ? ಎದ್ದು ಬಂದವಳು ನನ್ನ ಮಕ್ಕಳಿಗೆ ದೃಷ್ಟಿ ತೆಗೆದೆ. ಪಂಪಕ್ಕಗೂ ಹೇಳೀನಿ, ಆ ಸಿನಿಮಾ ಮಾತ್ರ ನೋಡಬ್ಯಾಡ ಅಂತ.”

“ಭಾಳ ಒಳ್ಳೇದು ಮಾಡಿದ್ರಿ” ಎಂದು ಗಾದಿಲಿಂಗ ಕೈಮುಗಿದ. ನೋಡಬೇಡ ಅಂದದ್ದನ್ನು ನೋಡದೆ ಬಿಟ್ಟವರು ಹಡಗಲಿಯಲ್ಲಿ ಇನ್ನೂ ಹುಟ್ಟಬೇಕು ಎಂಬುದು ಆ ಹೊತ್ತಿಗೆ ಅವನ ತಲೆಗೆ ಹೊಳೆಯಲಿಲ್ಲ.

ಉಳಿದವನು ಕ್ರಾಂತಿಕುಮಾರ್. ಬ್ಯಾಂಕಿನಲ್ಲಿ ನೌಕರಿ, ಓಣಿಯ ವಾಟ್ಸಾಪ್ ಗುಂಪಿನಲ್ಲಿ ದಿನಕ್ಕೊಂದು ಅಭಿಪ್ರಾಯ. ಈ ಸಿನಿಮಾದ ಮೇಲೂ ಎರಡು ಪುಟ ಬರೆದಿದ್ದ. ಕೊನೆಯ ಸಾಲು ಹೀಗಿತ್ತು: ‘ಕ್ಲೈಮ್ಯಾಕ್ಸ್ ಇನ್ನಷ್ಟು ಬಿಗಿಯಾಗಬೇಕಿತ್ತು. ಐದಕ್ಕೆ ಒಂದೂವರೆ.’

“ಕ್ಲೈಮ್ಯಾಕ್ಸಿನಾಗ ತೊಟ್ಲ ಏನಾತು ಕ್ರಾಂತಿ?”

“ಯಾವ ತೊಟ್ಲ?”

“ಸಿನಿಮಾದಾಗಿಂದು! ನೀನ ಬರೆದೀಯಲ್ಲ?”

ಕ್ರಾಂತಿಕುಮಾರ್ ಆಚೀಚೆ ನೋಡಿ ದನಿ ತಗ್ಗಿಸಿದ. “ಅಣ್ಣ, ಯಾರಿಗೂ ಹೇಳಬ್ಯಾಡ. ನಾನು ನೋಡಿಲ್ಲ. ಟ್ರೇಲರ್ ನೋಡಿ ಬರೆದೆ. ಯಾವ ಸಿನಿಮಾದ ಕ್ಲೈಮ್ಯಾಕ್ಸ್ ಬಿಗಿಯಾಗಿರ್ತೈತಿ ಹೇಳು?”

ಹತ್ತು ಗಂಟೆಯ ಬಸ್ಸಿನ ಹಾರ್ನು ಕೇಳಿಸಿತು. ಗಾದಿಲಿಂಗ ಹಿಂದಿನ ಸಂದಿಯಿಂದ ಟಾಕೀಸಿಗೆ ಓಡಿದ. ದುಡಿಮೆಗಾಗಿ ಕೊನೆತನಕ ಇರಲೇಬೇಕಾದ ಒಬ್ಬನೇ ಮನುಷ್ಯ ಅಲ್ಲಿದ್ದ. ಗೇಟು ಕಾಯುವ ಭೀಮರಾಜ ಶೇಂಗಾ ಸಿಪ್ಪೆ ಗುಡಿಸುತ್ತಿದ್ದ.

“ಕೊನೀನಾ? ಕೊನಿಗೆ ತೊಟ್ಲಕ್ಕ ಬೆಂಕಿ ಹಚ್ತಾರ.”

ಗಾದಿಲಿಂಗ ಅಲ್ಲೇ ಮೆಟ್ಟಿಲ ಮೇಲೆ ಕುಸಿದ. ಹನ್ನೊಂದು ಮಕ್ಕಳೂ ಒಟ್ಟಿಗೆ ಅತ್ತಂತೆ ಕಿವಿಯಲ್ಲಿ ಸದ್ದಾಯಿತು.

“ಆದ್ರ ಅದೆಂಥಾ ಬೆಂಕಿ ಅಂತೀರಿ!” ಭೀಮರಾಜ ಪೊರಕೆಗೆ ಒರಗಿ ನಿಂತ. “ಆರು ಆಟ ನೋಡೀನಿ. ಬೆಂಕಿ ಒಂದ್ ಕಡೆ ಉರೀತೈತಿ, ತೊಟ್ಲ ಒಂದ್ ಕಡೆ ತೂಗ್ತೈತಿ. ಕಂಪ್ಯೂಟರಿನಾಗ ಅಂಟಿಸ್ಯಾರ. ಅಷ್ಟೊತ್ತು ಸುಟ್ರೂ ಒಂಚೂರು ಕಪ್ಪಾಗಂಗಿಲ್ಲ. ಆಮ್ಯಾಲ ತೊಟ್ಲ ಒಳಗ ಬಿಟ್ಟು ಆ ಮನಿಗೆ ಬೀಗ ಜಡೀತಾರ. ಎರಡನೇ ಭಾಗ ಐತಂತ.”

ಬಡವರ ಬಜೆಟ್ಟು ಬಡವರನ್ನು ಕಾಯಿತು! ಎರಡನೇ ಭಾಗಕ್ಕೆಂದು ತೊಟ್ಟಿಲು ಇನ್ನೂ ಮಾಗಳದ ಆ ಮನೆಯಲ್ಲೇ ಇರಬೇಕು. ಗಾದಿಲಿಂಗ ಎದ್ದು ನಿಂತ. ಒಂದು ಅಳುಕು ಮಾತ್ರ ಉಳಿದಿತ್ತು. “ಕೊನಿಗೆ ಹೆಸರುಗಳು ಬರ್ತಾವಲ್ಲ, ಯಾರಾರ ಓದ್ತಾರಾ?”

“ಹೆಸರು ಬರೋದ್ರಾಗ ಒಳಗ ಉಳಿದಾಂವ ನಾನೊಬ್ನ. ನಾನು ಬಾಗ್ಲ ತೆಗೀತಿರ್ತೀನಿ.”

ಒಂದೂವರೆ ವರ್ಷ ಬಯಸಿದ ಹೆಸರನ್ನು ಯಾರೂ ಓದಿಲ್ಲವೆಂದು ತಿಳಿದು ಮನುಷ್ಯ ಅಷ್ಟು ಸಂತೋಷಪಟ್ಟದ್ದು ಅದೇ ಮೊದಲಿರಬೇಕು.

ಲಗೇಜ್ ಆಟೋ ಹತ್ತಿ ಮಾಗಳದ ದಾರಿ ಹಿಡಿದ ಮೇಲೆ ಪಂಪಮ್ಮನ ಫೋನು ಬಂತು. “ಎಲ್ಲಿ ಅದೀರಿ?”

“ಅರಸೀಕೆರಿ ಹತ್ರ ಹತ್ರ ಬಂದೀನಿ. ಶಿವಶಂಕರ ಮನ್ಯಾಗ ಅದಾನಂತ.”

“ಸಾವಕಾಶ ಬರ್ರಿ. ನಾವೂ ಸ್ವಲ್ಪ ಹೊರಗ ಹೋಗಿ ಬರ್ತೀವಿ.”

ಮಾಗಳದ ಆ ಮನೆ ಸಿನಿಮಾದಲ್ಲಿ ಹೇಗಿತ್ತೋ, ಹಗಲಲ್ಲಿ ಈರುಳ್ಳಿ ತುಂಬಿದ ಸಾದಾ ಮನೆಯಾಗಿತ್ತು. ಕಾವಲಿನ ಹುಲುಗಪ್ಪ ಬಾಗಿಲು ತೆಗೆದ. ಒಳಗೆ, ಜಂತಿಗೆ ತೂಗುಬಿದ್ದ ತೊಟ್ಟಿಲು! ನಾಲ್ಕು ಗಿಳಿ, ಒಂದಕ್ಕೆ ಕೊಕ್ಕಿಲ್ಲ. ತೊಟ್ಟಿಲೊಳಗೆ ಮಾತ್ರ ಕೊಕ್ಕು ಗಟ್ಟಿಯಾಗಿದ್ದ ಒಂದು ಕೋಳಿ ಕಾವಿಗೆ ಕೂತಿತ್ತು.

“ಎರಡು ದಿನ ತಡೀರಲ್ಲ,” ಹುಲುಗಪ್ಪ ಬೇಡಿಕೊಂಡ. “ಮರಿ ಆಗಿಬಿಡ್ತಾವ.”

“ನಮ್ಮ ಮನ್ಯಾಗ ಮರಿ ಆಗೇತಿ ಮಾರಾಯ, ಅದಕ್ಕ ಅವಸರ!”

ಕೋಳಿಯನ್ನು ಬುಟ್ಟಿಗೆ ಸಾಗಿಸುವಷ್ಟರಲ್ಲಿ ಅದು ಗಾದಿಲಿಂಗನ ಮುಂಗೈಗೆ ಐದು ಕಡೆ ಕುಕ್ಕಿತು. ಸರಪಳಿ ಕಳಚುತ್ತ ಹುಲುಗಪ್ಪ ನಾಚಿಕೊಂಡು ಕೇಳಿದ: “ಸಿನಿಮಾ ನೋಡಿದ್ರೇನ್ರಿ? ತೊಟ್ಲ ತೂಗಿದ್ದು ನಾನ. ಹೊಳ್ಯಾಗ ಮೀನು ಹಿಡಿಯೋ ಗಾಳದ ದಾರ ಕಟ್ಟಿ ಬಾಗ್ಲ ಹಿಂದ ಕುಂತು ಎಳ್ದೀನಿ. ಮಂದಿ ಏನಂತಾರ?”

“ನಿನ್ನ ಪಾತ್ರಕ್ಕ ಎಲ್ಲಾರೂ ಎದ್ದು ಓಡ್ಯಾರ” ಎಂದ ಗಾದಿಲಿಂಗ. ಹುಲುಗಪ್ಪನ ಮುಖ ಅರಳಿತು. ಹೊಳೆದಂಡೆಯಲ್ಲಿ ತೊಟ್ಟಿಲನ್ನು ಇಬ್ಬರೂ ತಿಕ್ಕಿ ತೊಳೆದರು. ಅರಸೀಕೆರೆಗೆ ಹೋಗಿ ಬರಲು ಬೇಕಾದಷ್ಟು ಹೊತ್ತು ಬೇವಿನ ಮರದ ಕೆಳಗೆ ಒಣಗಿಸಿ, ಐದು ಗಂಟೆಗೆ ಗಾದಿಲಿಂಗ ಗೆದ್ದ ಪೈಲ್ವಾನನಂತೆ ಓಣಿಗೆ ಬಂದಿಳಿದ.

ಮನೆಯ ಕಟ್ಟೆಯ ಮೇಲೆ ಅತ್ತೆ ಗಾಳೆಮ್ಮ ಎಲೆಯಡಿಕೆ ಹಾಕುತ್ತ ಕೂತಿದ್ದಳು. ಪಕ್ಕದಲ್ಲಿ ಪಂಪಮ್ಮ. ಆಟೋ ಸದ್ದಿಗೆ ಲಕ್ಷ್ಮಿದೇವಿ, ಮೌನೇಶ್, ಕ್ರಾಂತಿಕುಮಾರ್ ಎಲ್ಲರೂ ಬಂದು ನಿಂತರು.

“ತಗೋರಿ ಅತ್ತಿ, ನಿಮ್ಮ ತೊಟ್ಲ!” ಗಾದಿಲಿಂಗ ಬೆವರು ಒರೆಸಿಕೊಂಡ. “ಶಿವಶಂಕರ ಇನ್ನೆರಡು ತಿಂಗಳು ಇರ್ಲಿ ಅಂದ. ಅವನ ಹೆಂಡ್ತಿ ಅತ್ತೇಬಿಟ್ಲು. ನಾನು ಬಿಡ್ಲಿಲ್ಲ.”

“ಅಯ್ಯ ಅಳಿಯಪ್ಪ, ಅಳಿಸಿ ಯಾಕ ತಂದಿ?” ಗಾಳೆಮ್ಮ ಕಳವಳಪಟ್ಟಳು. “ದುರ್ಗಾನ ಗಂಡ ಸೊಳ್ಳಿ ಪರದಿ ಇರೋ ಹೊಸಾ ತೊಟ್ಲ ತಂದಾನ. ನಾನು ಬಂದಿದ್ದು ಸಿನಿಮಾ ನೋಡಾಕ.”

“ಸಿ... ಸಿನಿಮಾನಾ?”

“ಊರಾಗೆಲ್ಲ ಅದೇ ಮಾತು, ಬರೇ ತೊಟ್ಲ ತೂಗ್ತೈತಂತ. ನೋಡದಿದ್ರ ನಿದ್ದಿ ಬರ್ತೈತಾ? ಈಗ ಪಂಪಿ ಕೂಡ ಹೋಗಿ ಬಂದೆ. ಥೇಟ್ ನಮ್ಮ ತೊಟ್ಲ ಕಂಡಂಗಾಗಿ ಜೀವ ಹಾರಿತು ನೋಡು. ಕತ್ಲ್ಯಾಗ ಗಿಳಿ ಕಾಣ್ಲಿಲ್ಲ. ಇಕಿ ಅಂದ್ಲು, ‘ಯವ್ವಾ, ನಮ್ದು ಅರಸೀಕೆರಿಯಾಗ ಐತಿ, ಅವ್ರು ತರಾಕ ಹೋಗ್ಯಾರ’ ಅಂತ. ಆಗ ಸಮಾಧಾನಾತು.”

ಗಾದಿಲಿಂಗನಿಗೆ ನೆಲವೇ ತೊಟ್ಟಿಲಾದಂತೆ ತೂಗಿತು. ಬರಿಗೈಯಲ್ಲಿ ಬಂದಿದ್ದರೂ ನಡೆಯುತ್ತಿತ್ತು. ಆದರೂ ಏನು, ಸುಳ್ಳು ಗಟ್ಟಿಯಾಗಿಯೇ ನಿಂತಿದೆಯಲ್ಲ! ಅವನು ಉಸಿರು ಬಿಟ್ಟ.

“ಬಂದದ್ದು ಬಂತು,” ಗಾಳೆಮ್ಮ ಎದ್ದಳು. “ಪಡಸಾಲ್ಯಾಗ ಜಂತಿಗೆ ಹಾಕ್ರಿ. ಒಮ್ಮಿ ಕಣ್ತುಂಬ ನೋಡ್ತೀನಿ.”

ಮೌನೇಶ್, ಕ್ರಾಂತಿಕುಮಾರ್ ಕೈಜೋಡಿಸಿದರು. ತೊಟ್ಟಿಲು ಏರಿತು. ಗಾಳೆಮ್ಮ ಗಿಳಿಗಳನ್ನು ಒಂದೊಂದಾಗಿ ಸವರಿ, ಕೊಕ್ಕಿಲ್ಲದ್ದಕ್ಕೆ ಮುತ್ತಿಟ್ಟು, ಎರಡು ಹೆಜ್ಜೆ ಹಿಂದೆ ಬಂದಳು. ಬಾಗಿಲಿನಿಂದ ಇಳಿಬಿಸಿಲು ಒಳಗೆ ಬಿದ್ದಿತ್ತು. ಆ ಬಿಸಿಲಲ್ಲಿ ತೊಟ್ಟಿಲ ಅಡಿಯಿಂದ ಜೇಡನ ಎಳೆಯಂಥದ್ದೊಂದು ಮಿಂಚಿತು.

“ಇದೇನಿದು?” ಗಾಳೆಮ್ಮ ಅದನ್ನು ಬೆರಳಿಗೆ ಸುತ್ತಿಕೊಂಡು ಎಳೆದಳು.

ತೊಟ್ಟಿಲು ತೂಗಿತು. ಬಿಟ್ಟಳು, ನಿಂತಿತು. ಮತ್ತೆ ಎಳೆದಳು. ಬರೀ ತೊಟ್ಟಿಲು ತನ್ನಷ್ಟಕ್ಕೆ ತಾನೇ, ಕಿರ್ ಎನ್ನುತ್ತ, ಟಾಕೀಸಿನಲ್ಲಿ ತೂಗಿದ ಹಾಗೆಯೇ ತೂಗಿತು.

“ಅದಾ!” ಲಕ್ಷ್ಮಿದೇವಿ ಕಿರುಚಿದಳು. “ಅದಾ ತೊಟ್ಲ!”

ಪಂಪಮ್ಮ ತಾಯಿಯ ಬೆರಳಿನಿಂದ ದಾರ ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

“ರೀ, ಅರಸೀಕೆರಿಯಾಗ ಮೀನು ಭಾಳ ಹಿಡೀತಾರೇನು?”

ಯಾರಾದರೂ ಹೊರಟಾರು, ಆ ಗದ್ದಲದಲ್ಲಿ ತಾನೂ ಜಾರಿಕೊಂಡೇನು ಎಂದು ಗಾದಿಲಿಂಗ ಸುತ್ತ ನೋಡಿದ. ಒಲೆಯ ಮೇಲೆ ಹಾಲಿಟ್ಟು ಬಂದಿದ್ದ ಮೌನೇಶ್ ಹೊಸ್ತಿಲ ಮೇಲೆ ಆರಾಮಾಗಿ ಕುಕ್ಕರಿಸಿದ. ಲಕ್ಷ್ಮಿದೇವಿ ಕಂಬಕ್ಕೆ ಒರಗಿ ಸೆರಗು ಸರಿಮಾಡಿಕೊಂಡಳು. ಕ್ರಾಂತಿಕುಮಾರ್ ಫೋನು ತೆಗೆದು, ಈ ಸಲ ಪೂರ್ತಿ ನೋಡಿಯೇ ಬರೆಯುವವನಂತೆ ಚಾಪೆ ಎಳೆದುಕೊಂಡ. ಬಾಗಿಲು ತೆರೆದೇ ಇತ್ತು. ಒಬ್ಬರೂ ಎದ್ದು ಹೋಗಲಿಲ್ಲ.